ಅಪ್‌ಡೇಟ್: ಮಗಳಿಗೆ ಅಲರ್ಜಿ ಡಾಕ್ಟರ್ ಸಿಕ್ಕರು

ಗೋಡಂಬಿ ಬರ್ಫಿ ತಿಂದ ಮೇಲೆ ಮಗಳ ಮೈಯೆಲ್ಲಾ ದದ್ದು ಎದ್ದು ತುಟಿ ಊದಿಕೊಂಡಿತ್ತು, ದಾವಣಗೆರೆಯಲ್ಲಿ ಯಾರಿಗೆ ತೋರಿಸಲಿ ಅಂತ ಕೇಳಿದ್ದೆ ಅಲ್ವಾ. ಕೊನೆಗೆ ಬೆಂಗಳೂರಿಗೇ ಹೋದೆವು. ನೀವು ಹೇಳಿದ ಹಾಗೆ ಅಪಾಯಿಂಟ್‌ಮೆಂಟ್‌ಗೆ ಮುಂಚೆ ಎರಡೇ ಪ್ರಶ್ನೆ ಕೇಳಿದೆ: ಮಕ್ಕಳ ಅಲರ್ಜಿಯಲ್ಲಿ ತರಬೇತಿ ಆಗಿದೆಯಾ, ಸ್ಕಿನ್ ಪ್ರಿಕ್ ಟೆಸ್ಟ್ (ಚರ್ಮಕ್ಕೆ ಮೆಲ್ಲಗೆ ಚುಚ್ಚಿ ಯಾವುದಕ್ಕೆ ಅಲರ್ಜಿ ಅಂತ ನೋಡೋದು) ಅಲ್ಲೇ ಮಾಡ್ತಾರಾ.

ಮೊದಲ ಸಲ ಟೆಸ್ಟ್ ಆಗಲಿಲ್ಲ. ಹಿಂದಿನ ರಾತ್ರಿ ಅಲರ್ಜಿ ಔಷಧಿ ಸೆಟಿರಿಜಿನ್ ಕೊಟ್ಟಿದ್ದೆ, ಅದನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಂತೆ, ಆದರೆ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಎರಡನೇ ಸಲ ಮುಂಗೈ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಗೋಡಂಬಿ, ಶೇಂಗಾ ಹೀಗೆ ಒಂದೊಂದರ ಸಾರದ ಹನಿ ಬಿಟ್ಟು ಮೆಲ್ಲಗೆ ಚುಚ್ಚಿದರು. ರಕ್ತ ಬರಲಿಲ್ಲ, ಅವಳು ಅಳಲೂ ಇಲ್ಲ. 15 ನಿಮಿಷದಲ್ಲಿ ಗೋಡಂಬಿ ಹನಿ ಬಿಟ್ಟ ಜಾಗ ಸೊಳ್ಳೆ ಕಚ್ಚಿದ ಹಾಗೆ ಊದಿತು. ಶೇಂಗಾದ್ದು ಏನೂ ಆಗಲಿಲ್ಲ! ನಾನು ಸುಮ್ನೆ ಆರು ತಿಂಗಳು ಶೇಂಗಾ ಚಟ್ನಿಯನ್ನೂ ಬಿಡಿಸಿದ್ದೆ, ಪಾಪ.

ಟೆಸ್ಟ್‌ಗಿಂತ ಅವರು ಜಾಸ್ತಿ ಹೊತ್ತು ಕೇಳಿದ್ದು ಅವತ್ತು ಏನು ತಿಂದಳು, ಎಷ್ಟು ಹೊತ್ತಿಗೆ ಏನಾಯಿತು ಅನ್ನೋದನ್ನೇ, ಹಾಗಾಗಿ ಹೋಗುವ ಮುಂಚೆ ಅದನ್ನೆಲ್ಲ ಬರೆದಿಟ್ಟುಕೊಳ್ಳಿ, ದದ್ದಿನ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಈಗ ಗೋಡಂಬಿ ಜೊತೆ ಅದರ ಹತ್ತಿರದ ಜಾತಿಯ ಪಿಸ್ತಾವೂ ಬಂದ್. ಉಸಿರು ಕಟ್ಟಿದರೆ ಅಡ್ರಿನಲಿನ್ ಇಂಜೆಕ್ಷನ್ ಹೇಗೆ ಕೊಡಬೇಕು ಅಂತ ನನಗೂ ಅವರಪ್ಪನಿಗೂ ಕಲಿಸಿದ್ದಾರೆ, ಶಾಲೆಗೂ ಒಂದು ಚೀಟಿ ಬರೆದುಕೊಟ್ಟಿದ್ದಾರೆ.