ಹೈ-ರೆಸ್ ಕೇಳೋಕೂ ವೇದಿಕೆಗೂ ಒಂದೇ ಆಡಿಯೋ ಇಂಟರ್‌ಫೇಸ್: ಬಳಸಿದವರು ಹೇಳಿದ್ದು

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ 24 ಬಿಟ್, 96 ಕಿಲೋಹರ್ಟ್ಸ್‌ನ ಹೈ-ರೆಸ್ (ಸಿಡಿಗಿಂತ ಹೆಚ್ಚು ವಿವರ ಇರೋ) ಫೈಲ್‌ಗಳನ್ನು ಹೆಡ್‌ಫೋನ್ ಹಾಕ್ಕೊಂಡು ಕೇಳ್ತೀನಿ. ಕಾರ್ಯಕ್ರಮಗಳಲ್ಲಿ ಪೀಜೋ ಪಿಕಪ್ (ವಾದ್ಯದ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡೋ ಬಿಲ್ಲೆ) ಹಾಕಿದ ವಯಲಿನ್ ನುಡಿಸ್ತೀನಿ. ಎರಡಕ್ಕೂ ಆಗೋ, ಬ್ಯಾಗಿನಲ್ಲಿ ಹಿಡಿಸೋ ಯುಎಸ್‌ಬಿ ಇಂಟರ್‌ಫೇಸ್ (ಲ್ಯಾಪ್‌ಟಾಪ್‌ನ ಒಳಗೂ ಹೊರಗೂ ಸದ್ದು ಸಾಗಿಸೋ ಪೆಟ್ಟಿಗೆ) ಬೇಕು. 192 ಕಿಲೋಹರ್ಟ್ಸ್ ಇರೋದೇ ತಗೋಬೇಕಾ?

ಮೊದಲ ಉತ್ತರ: 192ರ ಹಿಂದೆ ಬೀಳಬೇಡಿ. ನಿಮ್ಮ ಫೈಲ್ 96ರದ್ದು, ಅದು 96 ಆಗಿಯೇ ಹೊರಗೆ ಬರ್ತಿದೆಯಾ ಅಂತ ನೋಡಿ. ನಾನು ಎಂಟು ತಿಂಗಳು ಹೈ-ರೆಸ್ ಕೇಳ್ತಿದ್ದೀನಿ ಅಂದುಕೊಂಡಿದ್ದೆ. ಒಂದು ದಿನ ಇಂಟರ್‌ಫೇಸ್‌ನ ಕಂಟ್ರೋಲ್ ಪ್ಯಾನೆಲ್ ತೆರೆದರೆ 48 ಅಂತ ತೋರಿಸ್ತಿತ್ತು. ವಿಂಡೋಸ್‌ನ ಮಿಕ್ಸರ್ ಎಲ್ಲವನ್ನೂ ಸೆಟ್ಟಿಂಗ್ಸ್‌ನಲ್ಲಿರೋ ಒಂದೇ ಸ್ಯಾಂಪಲ್ ರೇಟ್‌ಗೆ (ಸೆಕೆಂಡಿಗೆ ಸದ್ದಿನ ಎಷ್ಟು ಅಳತೆ ಅನ್ನೋ ಲೆಕ್ಕ; ಈ 48, 96 ಎಲ್ಲ ಅದೇ) ಬದಲಾಯಿಸಿ ಕಳಿಸುತ್ತೆ. ಪ್ಲೇಯರ್‌ನಲ್ಲಿ ಆ ಮಿಕ್ಸರ್ ಮುಟ್ಟದೆ ನೇರ ಕಳಿಸೋ ಏಷಿಯೋ (ASIO) ಅಥವಾ ವಾಸಾಪಿ (WASAPI) ಎಕ್ಸ್‌ಕ್ಲೂಸಿವ್ ಆರಿಸಿದ ಮೇಲೆ 96 ಬಂತು. ಮ್ಯಾಕ್ ಆದರೆ ಸಾಮಾನ್ಯವಾಗಿ ಆಡಿಯೋ ಮಿಡಿ ಸೆಟಪ್‌ನಲ್ಲಿ ಕೈಯಾರೆ ಬದಲಾಯಿಸಬೇಕು.

ಬಿಟ್ ಲೆಕ್ಕ, ಅಂದರೆ ಅತಿ ಮೆಲು ಸದ್ದಿಗೂ ಅತಿ ಜೋರು ಸದ್ದಿಗೂ ನಡುವಿನ ಅಂತರ, ಹೀಗೆ: 16 ಬಿಟ್‌ಗೆ ಸುಮಾರು 96 ಡೆಸಿಬಲ್, 24ಕ್ಕೆ ಕಾಗದದ ಮೇಲೆ 144. ಒಳ್ಳೆಯ ಪೆಟ್ಟಿಗೆಗಳೂ 110ರಿಂದ 120ರ ಆಸುಪಾಸಿನಲ್ಲೇ ನಿಲ್ಲುತ್ತವೆ. 24 ಬಿಟ್‌ನ ದೊಡ್ಡ ಲಾಭ ರೆಕಾರ್ಡಿಂಗ್‌ನಲ್ಲಿ ಸಿಗುತ್ತೆ: ಗೇನ್ (ಒಳಬರೋ ಸದ್ದನ್ನು ಹಿಗ್ಗಿಸೋ ಮಟ್ಟ) ತಗ್ಗಿಸಿಟ್ಟುಕೊಳ್ಳಬಹುದು, ಬಿಲ್ಲು ಒಮ್ಮೆಲೇ ಜೋರಾದರೂ ಸದ್ದು ಒಡೆಯಲ್ಲ. ನಿಮ್ಮ ಹೆಡ್‌ಫೋನ್ 250–300 ಓಮ್‌ನದ್ದಾದರೆ ಮಾತ್ರ ಕೇಳಿ ನೋಡಿಯೇ ತಗೊಳ್ಳಿ. ಯುಎಸ್‌ಬಿ ಕರೆಂಟಲ್ಲೇ ಓಡೋ ಸಣ್ಣ ಪೆಟ್ಟಿಗೆಗಳಲ್ಲಿ ಎಷ್ಟೋ ಅದಕ್ಕೆ ಸಾಲಲ್ಲ.

ಎರಡನೇ ಉತ್ತರ: ವೇದಿಕೆಯ ಮಾತು ಹೇಳ್ತೀನಿ. ಪೀಜೋಗೆ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಜೀ’ (Hi-Z) ಅಂತ ಬರೆದಿರೋ, 1 ಮೆಗಾಓಮ್ ಆಸುಪಾಸಿನ ಇನ್‌ಪುಟ್ ಇರಲೇಬೇಕು. ಲೈನ್ ಇನ್‌ಪುಟ್‌ಗೆ ಹಾಕಿದರೆ ಮಂದ್ರವೆಲ್ಲ ಸೋರಿಹೋಗಿ ವಯಲಿನ್ ಕೀಚಲಾಗುತ್ತೆ. ನುಡಿಸುವಾಗ 48ರಲ್ಲೇ ಇರಿ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳೋ ಸದ್ದಿನ ತುಣುಕು) 128 ಸ್ಯಾಂಪಲ್ ಇಟ್ಟರೆ ಒಂದು ಬಫರ್‌ಗೆ 2.7 ಮಿಲಿಸೆಕೆಂಡ್. ಹೋಗಿ ಬರೋದು, ಡ್ರೈವರ್, ಎಲ್ಲ ಸೇರಿ ಅದರ ಎರಡು ಮೂರು ಪಟ್ಟಾದರೂ ಬೆರಳಿಗೆ ತೊಂದರೆಯಿಲ್ಲ. 96ಕ್ಕೆ ಏರಿಸಿದರೆ ಇದು ಅರ್ಧವಾಗುತ್ತೆ ನಿಜ, ಆದರೆ ಪ್ರೊಸೆಸರ್ ಮೇಲೆ ಹೊರೆ ಬಿದ್ದು ಪಟಪಟ ಸದ್ದು ಬರಬಹುದು.

ಎಲ್ಲಕ್ಕಿಂತ ಮುಖ್ಯ, ಚಾರ್ಜರ್. ಒಮ್ಮೆ ಶುರುವಾಗೋಕೆ ಹತ್ತು ನಿಮಿಷ ಇರುವಾಗ ಸ್ಪೀಕರಿಂದ ಜೀರುಂಡೆ ಸದ್ದು. ಟ್ರ್ಯಾಕ್‌ಪ್ಯಾಡ್ ಮೇಲೆ ಬೆರಳಾಡಿಸಿದರೆ ಅದರ ಸ್ವರವೂ ಬದಲಾಗ್ತಿತ್ತು. ಕೇಬಲ್, ಪಿಕಪ್ ಎಲ್ಲ ಬದಲಿಸಿ ನೋಡಿದೆ, ಕೊನೆಗೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ನಿಂತುಹೋಯ್ತು. ಅದು ಗ್ರೌಂಡ್ ಲೂಪ್: ಚಾರ್ಜರ್, ಸ್ಪೀಕರ್ ಎರಡರ ಅರ್ತಿಂಗ್ ಸೇರಿ ಸುತ್ತಾಗಿ ಗದ್ದಲ ಒಳಗೆ ಬರೋದು. ಅಂದಿನಿಂದ ಬ್ಯಾಲೆನ್ಸ್ಡ್ ಔಟ್‌ಪುಟ್ (ಎರಡು ತಂತಿಯಲ್ಲಿ ಸಿಗ್ನಲ್ ಕಳಿಸಿ ಗದ್ದಲ ಕಳೆಯೋದು) ಇಲ್ಲದ್ದನ್ನು ವೇದಿಕೆಗೆ ಒಯ್ಯೋದೇ ಇಲ್ಲ. ಬ್ಯಾಗಿನಲ್ಲಿ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ (ಸಿಗ್ನಲ್ಲನ್ನು ಬ್ಯಾಲೆನ್ಸ್ಡ್ ಮಾಡಿ, ಆ ಲೂಪ್ ಕಡಿಯೋ ಸಣ್ಣ ಪೆಟ್ಟಿಗೆ) ಒಂದಿರುತ್ತೆ.

ಮೂರನೇ ಉತ್ತರ: ಇಬ್ಬರೂ ಹೇಳಿದ್ದು ಸರಿ. ಒಂದು ಸೇರಿಸ್ತೀನಿ: ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತೆ, ಡೇಟಾ ಹೋಗಲ್ಲ. ಪೆಟ್ಟಿಗೆಯ ದೀಪ ಉರಿದರೂ ಲ್ಯಾಪ್‌ಟಾಪ್‌ಗೆ ಅದು ಕಾಣಿಸಲ್ಲ. ಪರೀಕ್ಷಿಸಿದ ಕೇಬಲ್ ಎರಡು ಇಟ್ಟುಕೊಳ್ಳಿ, ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಸುತ್ತಿ. ಯಾರಾದರೂ ಎಡವಿದರೂ ಎಳೆತ ಸಾಕೆಟ್‌ಗೆ ತಾಗಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯ್ತು. ಗೆಳೆಯರೊಬ್ಬರ ಹತ್ರ ಹೈ-ಜೀ ಇನ್‌ಪುಟ್, ಬ್ಯಾಲೆನ್ಸ್ಡ್ ಔಟ್‌ಪುಟ್ ಎರಡೂ ಇರೋ 96ರ ಪೆಟ್ಟಿಗೆ ಇದೆ. ಎರಡು ದಿನಕ್ಕೆ ಕೇಳಿ ತರ್ತೀನಿ. ಚಾರ್ಜರ್ ಹಾಕಿ ಒಮ್ಮೆ, ಕಿತ್ತು ಒಮ್ಮೆ ನುಡಿಸಿ ನೋಡಿ ಇಲ್ಲೇ ಬರೀತೀನಿ.