ಗಿನಿ ಪಿಗ್‌ಗೆ ಮೂತ್ರಕೋಶದಲ್ಲಿ ಕಲ್ಲು: ಆಪರೇಷನ್ ಮಾಡಿಸೋದಾ, ದಯಾಮರಣ ಕೊಡಿಸೋದಾ?

ದಾವಣಗೆರೆಯಿಂದ ಕೇಳಿದ್ದು:

ನಮ್ಮ ಹೆಣ್ಣು ಗಿನಿ ಪಿಗ್‌ಗೆ ಐದು ವರ್ಷ ಆಗುತ್ತಾ ಬಂತು. ಉಚ್ಚೆಯಲ್ಲಿ ರಕ್ತ ಕಾಣಿಸಿತು. ಎಕ್ಸ್‌ರೇ ತೆಗೆಸಿದರೆ ಕಡಲೆಕಾಳಿನಷ್ಟು ಕಲ್ಲು. "ಆಪರೇಷನ್ ಮಾಡಬಹುದು, ಆದರೆ ಉಳಿಯುತ್ತೆ ಅಂತ ಭರವಸೆ ಕೊಡಲ್ಲ. ಬೇಡ ಅಂದರೆ ಇಂಜೆಕ್ಷನ್ ಕೊಡೋಣ" ಅಂದರು ಡಾಕ್ಟರು. ಅತ್ತೆ "ಇಷ್ಟು ಚಿಕ್ಕ ಪ್ರಾಣಿಗೆ ಅಷ್ಟೊಂದು ಖರ್ಚಾ" ಅಂತಾರೆ. ಮಗಳು ಊಟ ಬಿಟ್ಟು ಕೂತಿದ್ದಾಳೆ. ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಬೆಂಗಳೂರಿನಿಂದ:

ಅಕ್ಕಾ, ನಮ್ಮ ಮನೆಯ ಗಿನಿ ಪಿಗ್‌ಗೂ ಇದೇ ಕಲ್ಲಿಗೆ ಆಪರೇಷನ್ ಆಗಿದೆ. ಆಮೇಲೆ ಅವಳು ಆರಾಮಾಗಿ ಬದುಕಿದಳು. ಆದರೂ "ಮಾಡಿಸಿಬಿಡಿ" ಅಂತ ಕಣ್ಣು ಮುಚ್ಚಿ ಹೇಳುವುದಿಲ್ಲ.

ವಯಸ್ಸು ನೋಡಿ ತೀರ್ಮಾನ ಮಾಡಬೇಡಿ, ತೂಕ ನೋಡಿ. ಚೆನ್ನಾಗಿ ನೋಡಿಕೊಂಡರೆ ಇವು ಐದರಿಂದ ಎಂಟು ವರ್ಷ ಬದುಕುತ್ತವೆ. ನೋವಿದ್ದರೂ ತೋರಿಸಿಕೊಳ್ಳುವುದಿಲ್ಲ, ತಿಂದ ಹಾಗೆ ಮಾಡುತ್ತವೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಒಂದು ಕೆಜಿ ಆಸುಪಾಸಿನ ಪ್ರಾಣಿಗೆ 100 ಗ್ರಾಂ ಇಳಿದರೂ ಅದು ದೊಡ್ಡ ಇಳಿತ. ತೂಕ ನಿಂತಿದೆ, ಹುಲ್ಲು ತಿನ್ನುತ್ತಿದೆ, ಹಿಕ್ಕೆ ಸರಿಯಾಗಿ ಹಾಕುತ್ತಿದೆ ಅಂದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿ ಇದೆ ಅಂತ ನಂಬಬಹುದು.

ಡಾಕ್ಟರು ಭರವಸೆ ಕೊಡದೇ ಇದ್ದದ್ದು ಪ್ರಾಮಾಣಿಕತೆ. ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ಅರಿವಳಿಕೆ ಬಗ್ಗೆ ದೊಡ್ಡ ಅಧ್ಯಯನವೊಂದು ನಡೆದು 2008ರಲ್ಲಿ ಪ್ರಕಟವಾಯಿತು. ಅರಿವಳಿಕೆ ಸಂಬಂಧ ಎರಡು ದಿನದೊಳಗೆ ಸತ್ತ ನಾಯಿಗಳು ಸಾವಿರಕ್ಕೆ ಸುಮಾರು 2. ಗಿನಿ ಪಿಗ್‌ಗಳು ಸಾವಿರಕ್ಕೆ 38. ನಾಯಿಗಿಂತ ಅಪಾಯ ತುಂಬಾ ಜಾಸ್ತಿ, ನಿಜ. ಆದರೆ ನೂರಕ್ಕೆ 96 ಉಳಿದವು ಅನ್ನುವುದೂ ಅದೇ ಲೆಕ್ಕದಲ್ಲಿದೆ.

ಫೋನ್ ಮಾಡಿ ಇಷ್ಟು ಕೇಳಿ. ಗಿನಿ ಪಿಗ್, ಮೊಲಗಳಿಗೆ ಆಪರೇಷನ್ ಮಾಡಿ ಅಭ್ಯಾಸ ಇದೆಯಾ? ಐಸೋಫ್ಲುರೇನ್ ಗ್ಯಾಸ್ ಅರಿವಳಿಕೆ ಇದೆಯಾ? ಮೈ ತಣ್ಣಗಾಗದ ಹಾಗೆ ಏನು ಮಾಡುತ್ತಾರೆ? ಮನೆಗೆ ನೋವಿನ ಔಷಧಿ ಕೊಡುತ್ತಾರಾ? "ಹಿಂದಿನ ರಾತ್ರಿಯಿಂದ ಉಪವಾಸ ಇರಲಿ" ಅಂದರೆ ಬೇರೆಯವರನ್ನು ಹುಡುಕಿ. ವಾಂತಿ ಆಗದಿರಲಿ ಅಂತ ಮಾಡಿಸುವ ಉಪವಾಸ ನಾಯಿ ಬೆಕ್ಕಿಗೆ ಸರಿ. ಗಿನಿ ಪಿಗ್‌ಗೆ ವಾಂತಿ ಮಾಡುವುದಕ್ಕೇ ಆಗುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳಿನ ಕೆಲಸ ನಿಂತುಹೋಗುತ್ತದೆ. ಬಾಯಿಗೆ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಬರೆದುಕೊಟ್ಟರೂ ಬೇಡ ಅನ್ನಿ, ಇವುಗಳಿಗೆ ಅದು ಪ್ರಾಣಕ್ಕೇ ಕುತ್ತು. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ, ಬೆಂಗಳೂರಿನ ಹೆಬ್ಬಾಳದಲ್ಲೂ ಕಾಲೇಜು ಇದೆ. ಎರಡೂ ಕಡೆ ಮೊದಲು ವಿಚಾರಿಸಿ, ಆಮೇಲೆ ಹೊರಡಿ.

ನಿಜವಾದ ಕೆಲಸ ಆಪರೇಷನ್ ಆದ ಮೇಲೆ ಶುರು. ತಾನಾಗಿ ತಿನ್ನುವವರೆಗೆ ರಾತ್ರಿಯೂ ಎದ್ದೆದ್ದು ಸಿರಿಂಜಿನಲ್ಲಿ ತೆಳ್ಳಗೆ ಕಲಸಿದ ಆಹಾರ ತಿನ್ನಿಸಬೇಕು. ಟವೆಲ್‌ನಲ್ಲಿ ಸುತ್ತಿ ತೊಡೆ ಮೇಲೆ ಕೂರಿಸಿಕೊಳ್ಳಿ. ಮುಂದಿನ ಹಲ್ಲಿನ ಹಿಂದೆ, ಪಕ್ಕದಿಂದ ತುದಿ ಇಟ್ಟು ಒಂದು ಚೂರೇ ಚೂರು ಬಿಡಿ. ದವಡೆ ಆಡಿಸಿ ನುಂಗುವ ತನಕ ಕಾಯಿರಿ. ಅರ್ಧ ಗದ್ದಕ್ಕೆ ಇಳಿಯುತ್ತದೆ, ಒರೆಸಿ ಮತ್ತೆ ಕೊಡಿ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ನಮ್ಮವಳು ಮೊದಲ ಹಿಕ್ಕೆ ಹಾಕಿದಾಗ ನಾನು, ನನ್ನ ತಮ್ಮ ಇಬ್ಬರೂ ಖುಷಿಗೆ ಕೂಗಿಬಿಟ್ಟೆವು. ಈ ಆರೈಕೆ ಮಾಡುವವರು ಮನೆಯಲ್ಲಿ ಯಾರೂ ಇಲ್ಲ ಅಂದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಖರ್ಚಿನ ಮಾತು ಎತ್ತಿದ್ದಕ್ಕೆ ಅತ್ತೆಯವರ ಮೇಲೆ ಬೇಜಾರಾಗಬೇಡಿ. ದುಡ್ಡು ಹೊಂದಿಸಲು ಆಗದೆ ಇಂಜೆಕ್ಷನ್ ಕೊಡಿಸಿದರೆ ಅದು ತಪ್ಪಲ್ಲ. "ಅದೂ ಬೇಡ, ಇದೂ ಬೇಡ, ಇರುವಷ್ಟು ದಿನ ಇರಲಿ" ಅಂತ ಸುಮ್ನೆ ಬಿಡೋದು ಮಾತ್ರ ಬೇಡ. ಉಚ್ಚೆ ಹೊಯ್ಯುವಾಗಲೆಲ್ಲ ಬೆನ್ನು ಗೂನು ಮಾಡಿ ಕಿರುಚುವ ಪ್ರಾಣಿಗೆ ಆ ದಿನಗಳು ನರಕ. ಉಚ್ಚೆ ಪೂರ್ತಿ ಕಟ್ಟಿದರಂತೂ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಮೈಸೂರಿನಿಂದ:

ನಾವು ಎರಡನ್ನೂ ಕಂಡವರು. ನಮ್ಮ ಗಂಡು ಗಿನಿ ಪಿಗ್‌ಗೆ ಮೊದಲ ಸಲ ಆಪರೇಷನ್ ಮಾಡಿಸಿದೆವು. ಚೆನ್ನಾಗಿ ಆಯಿತು, ಆದರೆ ಮತ್ತೆ ಕಲ್ಲು ಬಂತು. ಈ ರೋಗದಲ್ಲಿ ಅದು ಅಪರೂಪ ಏನಲ್ಲ. ಎರಡನೇ ಸಲ ಅವನು ಕೊತ್ತಂಬರಿ ಸೊಪ್ಪು ಮುಂದಿಟ್ಟರೂ ಮೂಸುತ್ತಿರಲಿಲ್ಲ. ರೋಮ ಕೆದರಿಕೊಂಡು ಮೂಲೆಯಲ್ಲಿ ಮುದುಡಿ ಕೂರುತ್ತಿದ್ದ. ಮೂತ್ರಪಿಂಡಕ್ಕೂ ಪೆಟ್ಟಾಗಿದೆ ಅಂದರು. ಇಂಜೆಕ್ಷನ್ ಕೊಡಿಸಿದೆವು. ಇವತ್ತಿಗೂ ಅದು ಸರಿಯಾದ ತೀರ್ಮಾನ ಅಂತಲೇ ನನಗೆ ಅನ್ನಿಸುತ್ತದೆ.

ಆ ದಾರಿ ಹಿಡಿದರೆ ಒಂದು ಕೇಳಿಕೊಳ್ಳಿ: ಮೊದಲು ಮಂಪರು ಬರುವ ಔಷಧಿ, ಪೂರ್ತಿ ನಿದ್ದೆ ಹತ್ತಿದ ಮೇಲೆ ಕೊನೆಯ ಇಂಜೆಕ್ಷನ್. ನೇರವಾಗಿ ಕೊಡಲು ಬಿಡಬೇಡಿ. ನನ್ನ ಹೆಂಡತಿ ತೊಡೆ ಮೇಲೆ ಇಟ್ಟುಕೊಂಡೇ ಇದ್ದಳು, ಡಾಕ್ಟರು ಬೇಡ ಅನ್ನಲಿಲ್ಲ. ಮಗಳಿಗೆ "ನಿದ್ದೆ ಮಾಡಿಸಿದೆವು" ಅಂತ ಹೇಳಬೇಡಿ, ಚಿಕ್ಕ ಮಕ್ಕಳು ಆಮೇಲೆ ಮಲಗುವುದಕ್ಕೇ ಹೆದರುತ್ತಾರೆ. ಸತ್ತುಹೋಯಿತು ಅಂತಲೇ ಹೇಳಿ, ಜೊತೆಗೆ ಕೂತು ಅಳಿ. ಜೋಡಿ ಗಿನಿ ಪಿಗ್ ಇದ್ದರೆ ದೇಹವನ್ನು ಒಂದಷ್ಟು ಹೊತ್ತು ಅದರ ಪಕ್ಕ ಇಡಿ. ನಮ್ಮದು ಮೂಸಿ ನೋಡಿ ದೂರ ಸರಿಯಿತು, ಆಮೇಲೆ ಹುಡುಕಲಿಲ್ಲ.

ಹುಬ್ಬಳ್ಳಿಯಿಂದ:

ನಮ್ಮದು ಹ್ಯಾಮ್‌ಸ್ಟರ್, ಎರಡು ವರ್ಷ ದಾಟಿತ್ತು, ಗಡ್ಡೆ ಇತ್ತು. ಅವುಗಳ ಆಯಸ್ಸೇ ಎರಡು ಮೂರು ವರ್ಷ. ಕತ್ತರಿಸುವುದು ಬೇಡ ಅಂದುಕೊಂಡು ನೋವಿನ ಔಷಧಿಯಲ್ಲೇ ನೋಡಿಕೊಂಡೆವು. ತಿನ್ನುವುದು ನಿಲ್ಲಿಸಿದ ದಿನ ಇಂಜೆಕ್ಷನ್. ಗಡ್ಡೆಗೆ ಈ ನಡುದಾರಿ ನಡೆಯಿತು. ಕಲ್ಲಿಗೆ ನಡೆಯುತ್ತೆ ಅಂತ ಅನ್ನಿಸುವುದಿಲ್ಲ.

ಬೆಂಗಳೂರಿನಿಂದ, ಮತ್ತೆ:

ಹೇಳಲು ಮರೆಯಬಾರದ ಒಂದು ಮಾತು. ಹೆಣ್ಣಾಗಿರುವುದು ಇಲ್ಲಿ ಅನುಕೂಲ. ಕಲ್ಲು ಉಚ್ಚೆ ಹೊರಗೆ ಬರುವ ನಾಳದ ತುದಿಗೆ ಇಳಿದಿದ್ದರೆ ಕೆಲವೊಮ್ಮೆ ಹೊಟ್ಟೆ ಕೊಯ್ಯದೆ, ಅರಿವಳಿಕೆ ಕೊಟ್ಟು ಹೊರಗೆ ತೆಗೆಯುತ್ತಾರೆ. ಹಾಗೇ ಕುದುರೆ ಮಸಾಲೆ ಸೊಪ್ಪು ಹಾಕುತ್ತಿದ್ದರೆ ನಿಲ್ಲಿಸಿ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಗರಿಕೆ, ಒಣಹುಲ್ಲು ಬೇಕಾದಷ್ಟು ಕೊಡಿ. ವಿಟಮಿನ್ ಸಿ ಅದರ ಮೈಯಲ್ಲಿ ತಯಾರಾಗುವುದಿಲ್ಲ, ದಿನಾ ದೊಣ್ಣೆ ಮೆಣಸಿನಕಾಯಿ ಒಂದು ತುಂಡು ಇರಲಿ. ನಮ್ಮ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ.

ಎಕ್ಸ್‌ರೇಯಲ್ಲಿ ಕಲ್ಲು ನಿಖರವಾಗಿ ಎಲ್ಲಿದೆ, ಈಗ ತೂಕ ಎಷ್ಟು, ಬೆಳಿಗ್ಗೆಯಿಂದ ಏನು ತಿಂದಿದೆ ಅಂತ ಇವತ್ತೇ ಬರೆಯಿರಿ ಅಕ್ಕಾ. ನಾನು ರಾತ್ರಿ ಎಷ್ಟೊತ್ತಾದರೂ ನೋಡುತ್ತೇನೆ.