ಅಣ್ಣನನ್ನು ಕ್ಷಮಿಸಿದರೆ ಪಾಲನ್ನೂ ಬಿಡಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು: ಬೆಳ್ಮಣ್ಣಿನವಳು, ಈಗ ಮಂಗಳೂರಿನಲ್ಲಿ

ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಮನೆ, ಗದ್ದೆ, ತೆಂಗಿನ ತೋಟ ಎಲ್ಲ ಅಣ್ಣನ ಕೈಯಲ್ಲಿ ಉಂಟು. ನನ್ನ ಪಾಲಿನ ಮಾತೆತ್ತಿದ್ದಕ್ಕೆ "ಮದುವೆಗೆ ಹಾಕಿದ ಚಿನ್ನ ಸಾಕಾಗಲಿಲ್ವಾ?" ಎಂದು ಊಟಕ್ಕೆ ಕೂತಲ್ಲೇ, ನನ್ನ ಗಂಡನ ಎದುರೇ ಕೇಳಿದ. ಅಂದಿನಿಂದ ಮಾತಿಲ್ಲ. ಅಮ್ಮನಿಗೆ ಈಗ ನಡೆಯಲು ಆಗುವುದಿಲ್ಲ. ಈ ಸಲ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ನಾವಿಬ್ಬರೂ ಒಟ್ಟಿಗೆ ಕೂತು ಉಣ್ಣಬೇಕು ಎಂದು ಹಟ ಹಿಡಿದಿದ್ದಾರೆ. ರಾತ್ರಿ ತೇರ್ಸ (ಜಪಮಾಲೆ) ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ಎನ್ನುವಲ್ಲಿ ನನಗೆ ನಾಲಿಗೆ ಏಳುವುದಿಲ್ಲ. ಕ್ಷಮಿಸುವುದು ಅಂದರೆ ಪಾಲು ಬಿಡುವುದಾ?

ಶಿರ್ವದಿಂದ ಒಬ್ಬರು:

ತಂಗೀ, ನನ್ನ ತಮ್ಮ ಕುವೈತಿನಲ್ಲಿ ಇರುವುದು. ಅಮ್ಮನ ಆಸ್ಪತ್ರೆ ಖರ್ಚಿನ ಲೆಕ್ಕದಲ್ಲಿ ಮಾತು ಬೆಳೆದು, ನಾನು ಹಣ ತಿಂದೆ ಎಂದುಬಿಟ್ಟ. ರಜೆಗೆ ಬಂದಾಗ ಒಂದು ಭಾನುವಾರ ಪೂಜೆಯಲ್ಲಿ ನನ್ನ ಮುಂದಿನ ಬೆಂಚಿನಲ್ಲೇ ಇದ್ದ. ಪರಮಪ್ರಸಾದಕ್ಕೆ ಮೊದಲು ಒಬ್ಬರಿಗೊಬ್ಬರು ಶಾಂತಿ ಕೋರುತ್ತೇವಲ್ಲ, ಆಗ ಎಡಕ್ಕೆ ತಿರುಗಿ ಕೈಮುಗಿದ, ಬಲಕ್ಕೆ ತಿರುಗಿ ಕೈಮುಗಿದ. ಹಿಂದೆ ಮಾತ್ರ ತಿರುಗಲಿಲ್ಲ. ನಾನು ಅವನ ಬೆನ್ನಿಗೇ ಕೈಮುಗಿದೆ.

ಬೈಬಲಿನ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಯೇಸು ಹೇಳುವುದನ್ನು ಆ ರಾತ್ರಿ ಮತ್ತೆ ಓದಿದೆ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಸಮಾಧಾನ ಮಾಡಿಕೋ ಎನ್ನುವ ಮಾತು. ಅಲ್ಲಿ ತಪ್ಪು ಯಾರದ್ದೆಂದು ತೀರ್ಮಾನವಾಗುವ ತನಕ ಕಾಯಿರಿ ಎಂದಿಲ್ಲ. ಮುನಿಸು ಇರುವುದು ಸಹೋದರನಿಗೆ, ಎದ್ದು ಹೋಗಬೇಕಾದದ್ದು ನಾವು. ಲೆಕ್ಕ ಸರಿಯಾದ ಮೇಲೆ ಮಾತಾಡುವ ಎಂದು ಕೂತಿದ್ದ ನನ್ನನ್ನು ಎಬ್ಬಿಸಿದ್ದು ಅದೇ.

ಸೆಪ್ಟೆಂಬರ್ 8ರಂದು ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯಿಂದ ನಾಲ್ಕು ಭತ್ತ ಬಿಡಿಸಿ, ಕಾಗದದಲ್ಲಿ ಮಡಚಿ, ಲಕೋಟೆಗೆ ಹಾಕಿ ಅವನ ವಿಳಾಸಕ್ಕೆ ಕಳಿಸಿದೆ. ಅಜ್ಜಿ ಇದ್ದಾಗ ಬೊಂಬಾಯಿಯ ಮಾವಂದಿರಿಗೆ ಹೀಗೇ ಹೋಗುತ್ತಿತ್ತು, ಹೊಸ ಅಕ್ಕಿ ಮನೆಮಂದಿಗೆಲ್ಲ ಮುಟ್ಟಬೇಕು ಎಂದು. ಪತ್ರ ಬರೆಯಲಿಲ್ಲ. ಬರೆಯಲು ಕೂತರೆ ಲೆಕ್ಕವೇ ಬರುತ್ತಿತ್ತು. ಉತ್ತರ ಬರಲಿಲ್ಲ. ಮರುವರ್ಷವೂ ಕಳಿಸಿದೆ. ಆಗ ತಮ್ಮನ ಹೆಂಡತಿ ವಾಟ್ಸಾಪಿನಲ್ಲಿ ಪಾಯಸದ ಬಟ್ಟಲಿನ ಫೋಟೋ ಹಾಕಿ, "ಅಕ್ಕಾ, ಮಕ್ಕಳಿಗೂ ಕೊಟ್ಟೆವು" ಎಂದಳು. ಆಸ್ಪತ್ರೆಯ ಲೆಕ್ಕ ಇವತ್ತಿಗೂ ಇತ್ಯರ್ಥವಾಗಿಲ್ಲ. ಆದರೆ ತಮ್ಮ ಈಗ ಫೋನ್ ಮಾಡುತ್ತಾನೆ, ಅಮ್ಮನ ಮದ್ದಿನ ಬಗ್ಗೆ ನನ್ನನ್ನೇ ಕೇಳುತ್ತಾನೆ.

ಬಿಜೈಯಿಂದ, ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವರು:

ಪಾಲಿನ ವಿಷಯ ಮಾತ್ರ ಹೇಳುತ್ತೇನೆ. ನಮ್ಮ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ. ವಿಲ್ ಇಲ್ಲದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು. ಮಗಳು, ಮಗ ಎಂಬ ಭೇದ ಅದರಲ್ಲಿ ಇಲ್ಲ. ಮದುವೆಗೆ ಚಿನ್ನ ಹಾಕಿದ್ದಾರೆ ಎಂದು ಹಕ್ಕು ಹೋಗುವುದಿಲ್ಲ. ಹಬ್ಬದ ದಿನ ಕಣ್ಣೀರಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಆಮೇಲೆ ಜೀವನಪೂರ್ತಿ ಒಳಗೊಳಗೇ ಕುದಿಯುವವರನ್ನು ಕಂಡಿದ್ದೇನೆ. ಅದು ಕ್ಷಮೆ ಅಲ್ಲ. ಬಿಟ್ಟುಕೊಡುವುದಾದರೆ ತಿಳಿದು, ಸಂತೋಷದಿಂದ ಬಿಟ್ಟುಕೊಡಿ. ಇಲ್ಲವಾದರೆ ಕೋರ್ಟಿಗೆ ಹೋಗುವ ಮುಂಚೆ ಇಗರ್ಜಿಯ ವಾರ್ಡಿನ ಮುಖಂಡರಾದ ಗುರಿಕಾರರನ್ನೋ ಧರ್ಮಗುರುಗಳನ್ನೋ ಕೂರಿಸಿ ಮಾತಾಡಿ. ಅದೂ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ರಾಜಿಗೆ ದಾರಿ ಉಂಟು.

ಬಲ್ಮಠದಿಂದ, ಸಿಎಸ್ಐ (ದಕ್ಷಿಣ ಭಾರತ ಸಭೆ, ಪ್ರಾಟೆಸ್ಟೆಂಟ್) ಸಭೆಯವರು:

ಬೈಬಲಿನಲ್ಲಿ ಯೋಸೇಫನ ಕತೆಯನ್ನು ನಿಧಾನ ಓದಿ. ತನ್ನನ್ನು ಮಾರಿದ ಅಣ್ಣಂದಿರು ಎದುರು ಬಂದ ಕೂಡಲೇ ಅವನು ಅಪ್ಪಿಕೊಳ್ಳಲಿಲ್ಲ. ಕಿರಿ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇಡಿಸಿ ಪರೀಕ್ಷೆ ಮಾಡಿದ. ತಮ್ಮನ ಬದಲು ನಾನೇ ದಾಸನಾಗುತ್ತೇನೆ ಎಂದು ಅಣ್ಣಂದಿರಲ್ಲಿ ಒಬ್ಬನಾದ ಯೆಹೂದನ ಬಾಯಿಂದ ಬಂದ ಮೇಲೆ ಗಟ್ಟಿಯಾಗಿ ಅತ್ತ. ಅಣ್ಣ ಬದಲಾಗಿದ್ದಾನಾ ಎಂದು ನೋಡುವುದು ಪಾಪವಲ್ಲ.

ಕಲ್ಯಾಣಪುರದಿಂದ ಒಬ್ಬರು:

ನನ್ನದು ಬೇರೆ ತರಹದ ಗಾಯ. ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಿದ್ದರು. ಅಡುಗೆಮನೆಯ ಚಿಲಕ ಕಿತ್ತು ಬಂದ ಜಾಗಕ್ಕೆ ನಾವು ತೆಂಗಿನ ಹಗ್ಗ ಕಟ್ಟಿ ಮಲಗುತ್ತಿದ್ದೆವು. ದೊಡ್ಡವನಾದ ಮೇಲೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋಗಿ, ಅಪ್ಪನ ಮೇಲಿನ ದ್ವೇಷ ಹೋಗುವುದಿಲ್ಲ ಫಾದರ್ ಎಂದೆ. ಸಾಧ್ಯವಾದ ದಿನ ಅವರ ಹೆಸರು ಹೇಳಿ ಪ್ರಾರ್ಥಿಸು, ಆದರೆ ಅಮ್ಮನನ್ನು ವಾಪಸ್ ಆ ಮನೆಗೆ ಕಳಿಸಬೇಡ ಎಂದರು. ಅದು ನನಗೆ ದೊಡ್ಡ ಬಿಡುಗಡೆ.

ಮಿಷನರಿ ಗ್ರಹಾಂ ಸ್ಟೇನ್ಸ್ ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಅವರನ್ನು ನೆನೆಯುತ್ತೇನೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟು ಕೊಂದರು. ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಆ ತಾಯಿ. ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕೇಸು ತನ್ನ ಪಾಡಿಗೆ ನಡೆಯಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅವರ ಕ್ಷಮೆ ನ್ಯಾಯಕ್ಕೆ ಅಡ್ಡ ಬರಲಿಲ್ಲ, ನ್ಯಾಯದಿಂದ ಕ್ಷಮೆ ಸಣ್ಣದಾಗಲಿಲ್ಲ.

ಅಪ್ಪನ ಕೊನೆಗಾಲದಲ್ಲಿ ನಾನೇ ಹೋಗಿ ಗಂಜಿ ಕುಡಿಸಿದೆ. ಅವರು ತಪ್ಪಾಯಿತು ಎನ್ನಲಿಲ್ಲ. ನಾನೂ ಕಾಯಲಿಲ್ಲ. ನಿದ್ರೆ ಬಾರದೆ, ಎದೆ ಹೊಡೆದುಕೊಂಡು ಏಳುವವರು ಇದ್ದರೆ ಪ್ರಾರ್ಥನೆಯ ಜೊತೆಗೆ ಮನೋವೈದ್ಯರಿಗೂ ತೋರಿಸಿ. ನಾನು ತೋರಿಸಿದ್ದೇನೆ, ಅದರಿಂದ ವಿಶ್ವಾಸ ಕಡಿಮೆಯಾಗಲಿಲ್ಲ.

ಕೇಳಿದವರು:

ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ. ಹಬ್ಬಕ್ಕೆ ಹೋಗುತ್ತೇನೆ. ಅಣ್ಣ ಊಟದ ನಡುವೆ ಮತ್ತೆ ಚಿನ್ನದ ಮಾತು ತೆಗೆದರೆ ಎಂತ ಹೇಳುವುದು?

ಶಿರ್ವದಿಂದ:

"ಅಣ್ಣಾ, ಅದನ್ನು ಇನ್ನೊಂದು ದಿನ ಫಾದರ್ ಎದುರು ಕೂತು ಮಾತಾಡುವ, ಇವತ್ತು ಅಮ್ಮನಿಗೆ ಬಡಿಸು" ಎನ್ನಿ. ದಿನವನ್ನು ಅಲ್ಲೇ ನಿಗದಿ ಮಾಡಿ. ಗಂಡನಿಗೆ ಮೊದಲೇ ಹೇಳಿಟ್ಟಿರಿ, ಅವರು ನಡುವೆ ಬಾಯಿ ಹಾಕುವುದು ಬೇಡ.